ಅಟ್ಟದಿಂದ ಇಳಿಸಿದ ಡ್ರಮ್ ಸೆಟ್‌ಗೆ ಬೆಲೆ ಕಟ್ಟುವುದು ಹೇಗೆ?

ಕಳೆದ ಮಳೆಗಾಲ ಮುಗಿಯುತ್ತಿದ್ದಾಗ ಕಾಸರಗೋಡಿನ ಬೇಳ ಎಂಬ ಊರಿನ ಹತ್ತಿರದ ಒಂದು ಹೆಂಚಿನ ಮನೆಯಿಂದ ಫೋನ್ ಬಂತು. "ಅಣ್ಣಾ, ದೊಡ್ಡಪ್ಪನ ಡ್ರಮ್ ಸೆಟ್ ಅಟ್ಟದಿಂದ ಇಳಿಸಿದ್ದೇವೆ. ಎಷ್ಟು ಸಿಕ್ಕೀತು ಇದಕ್ಕೆ?" ಕೇಳಿದ ಹುಡುಗ ಗಲ್ಫಿನಲ್ಲಿ ಕೆಲಸದಲ್ಲಿರುವವನು, ರಜೆಗೆ ಬಂದಿದ್ದ. ದೊಡ್ಡಪ್ಪ ಬೊಂಬಾಯಿಯ ಹೋಟೆಲ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದು, ಊರಿಗೆ ಬಂದ ಮೇಲೆ ಇಗರ್ಜಿಯ ಹಬ್ಬಕ್ಕೂ ಮದುವೆಯ ಹಿಂದಿನ ರೋಸ್ ಶಾಸ್ತ್ರಕ್ಕೂ ಅದೇ ಸೆಟ್ ಹೊತ್ತು ತಿರುಗಿದವರು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಅವನ ಕೈಯಲ್ಲಿ ಮೂರು ಬೆಲೆಗಳಿದ್ದವು. ಗುಜರಿಯವನು ಒಟ್ಟು ನೋಡಿ 1500 ರೂಪಾಯಿ ಎಂದಿದ್ದ. ಕುಂಬಳೆಯ ಕಡೆಯ ಆರ್ಕೆಸ್ಟ್ರಾದ ಹುಡುಗನೊಬ್ಬ 12,000 ಕೊಡುತ್ತೇನೆಂದಿದ್ದ. ಮೊಬೈಲಿನಲ್ಲಿ ಹುಡುಕಿದಾಗ ಇದೇ ಥರ ಕಾಣುವ ಒಂದು ಸೆಟ್‌ಗೆ ಡಾಲರ್ ಲೆಕ್ಕ ಹಾಕಿದರೆ ಕೆಲವು ಲಕ್ಷ. "ಇದರಲ್ಲಿ ಯಾವುದು ಸರಿ ಮಾರಾಯ್ರೆ?" ಎಂದು ಅವನ ಅಪ್ಪ ಕೇಳಿದರು.

ಮೂರರಲ್ಲಿ ಯಾವುದೂ ಮೋಸದ ಬೆಲೆಯಲ್ಲ. ಗುಜರಿಯವನು ಬೆಲೆ ಹೇಳಿದ್ದು ಕಬ್ಬಿಣ ಮತ್ತು ಮರಕ್ಕೆ. ಆರ್ಕೆಸ್ಟ್ರಾದ ಹುಡುಗ ಹೇಳಿದ್ದು ಬರುವ ತಿಂಗಳ ಕಾರ್ಯಕ್ರಮದಲ್ಲಿ ಕೇಳಿಸಬೇಕಾದ ಶಬ್ದಕ್ಕೆ. ಮೊಬೈಲಿನಲ್ಲಿ ಕಂಡದ್ದು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಉಳಿದ ಒಂದು ವಸ್ತುವಿಗೆ ಸಂಗ್ರಹಕಾರರಿಂದ ಕೇಳುವ ಬೆಲೆ. ನಮ್ಮ ಎದುರಿಗಿರುವ ಸೆಟ್ ಈ ಮೂರರಲ್ಲಿ ಯಾವ ಸಾಲಿಗೆ ಸೇರುತ್ತದೆ ಎಂದು ತಿಳಿಯುವುದೇ ಬೆಲೆ ಕಟ್ಟುವ ಕೆಲಸ. ಒಂದೇ ಸೆಟ್ಟಿನ ಒಂದು ತುಂಡು ಒಂದು ಸಾಲಿಗೆ, ಇನ್ನೊಂದು ತುಂಡು ಬೇರೆ ಸಾಲಿಗೆ ಸೇರುವುದೂ ಉಂಟು. ಬೇಳದ ಮನೆಯಲ್ಲಿ ಆದದ್ದು ಅದೇ.

ಅಡಿಕೆ ಬೆಳೆಯುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಹೊಸ ಚಾಲಿಗಿಂತ (ಸುಲಿದ ಒಣ ಅಡಿಕೆ) ಹಳತಾದ ಸಿಂಗಲ್ ಚೋಲ್‌ಗೆ, ಅದಕ್ಕಿಂತ ಇನ್ನೂ ಹಳತಾದ ಡಬ್ಬಲ್ ಚೋಲ್‌ಗೆ ದರ ಹೆಚ್ಚು. ಅಡಿಕೆ ಹಳತಾದಷ್ಟು ಬೆಲೆ ಏರುತ್ತದೆ. ಆದರೆ ಏರುವುದು ಚೆನ್ನಾಗಿ ಒಣಗಿಸಿ, ಹುಳ ಹೊಗದಂತೆ ಇಟ್ಟ ಅಡಿಕೆಗೆ ಮಾತ್ರ. ಕೆಟ್ಟ ಅಡಿಕೆಯಾದ ಕೋಕವನ್ನು ಎಷ್ಟು ವರ್ಷ ಇಟ್ಟರೂ ಅದು ಕೋಕವೇ. ಡ್ರಮ್ ಕೂಡ ಹಾಗೆಯೇ. "ಐವತ್ತು ವರ್ಷ ಹಳೆಯದು" ಎನ್ನುವ ಮಾತಿಗೆ ತಾನಾಗಿ ಬೆಲೆಯಿಲ್ಲ. ಆ ಐವತ್ತು ವರ್ಷಗಳಲ್ಲಿ ಅದು ಎಷ್ಟರ ಮಟ್ಟಿಗೆ ಹೇಗಿತ್ತೋ ಹಾಗೆಯೇ ಉಳಿಯಿತು ಎನ್ನುವುದಕ್ಕೆ ಬೆಲೆ.

ಮೊದಲು ಕೈ ಕಟ್ಟಿಕೊಂಡು ನೋಡಿ

ಅಟ್ಟದಿಂದ ಇಳಿಸಿದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ತೊಳೆಯುವುದು. ಹುಣಸೆಹುಳಿ, ಬೂದಿ, ಪಾತ್ರೆ ತಿಕ್ಕುವ ನಾರು, ಮೇಲಿಂದ ಒಂದು ಕೋಟು ವಾರ್ನಿಶ್. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಇಷ್ಟು ಹಾನಿ ಮಳೆಗಾಲವೂ ಮಾಡುವುದಿಲ್ಲ. ಒಣ ಹತ್ತಿಬಟ್ಟೆಯಿಂದ ಧೂಳು ಒರೆಸಿ, ಅಷ್ಟು ಸಾಕು. ಒಳಗಿನ ಬಣ್ಣ, ಶಾಯಿಯ ಮುದ್ರೆ, ಅಂಟಿಸಿದ ಕಾಗದದ ಚೀಟಿ, ಸಿಂಬಲಿನ (ಕಂಚಿನ ತಟ್ಟೆಯ) ಮೇಲೆ ಕಾಲ ಹಚ್ಚಿದ ಕಂದು ಬಣ್ಣ ಎಲ್ಲವೂ ಸಾಕ್ಷಿ. ಅಳಿಸಿದರೆ ಮರಳಿ ಬರೆಯಲು ಆಗದ ಸಾಕ್ಷಿ.

ಆಮೇಲೆ ಹಗಲು ಬೆಳಕಿನಲ್ಲಿ ಚಾವಡಿಯ ನೆಲದ ಮೇಲೆ ಒಂದೊಂದನ್ನೇ ಬಿಡಿಬಿಡಿಯಾಗಿ ಇಟ್ಟು ಫೋಟೋ ತೆಗೆಯಿರಿ. ಹೊರಗಿನಿಂದ ನಾಲ್ಕು ಬದಿ, ತಯಾರಕರ ಹೆಸರಿನ ಬ್ಯಾಡ್ಜ್, ಒಂದು ಹೆಡ್ (ಬಾರಿಸುವ ಬಿಗಿದ ಪೊರೆ) ಬಿಚ್ಚಿ ಒಳಗಿನ ನೋಟ. ಅಳತೆಯನ್ನು ಇಂಚಿನಲ್ಲೇ ಬರೆದುಕೊಳ್ಳಿ, ಏಕೆಂದರೆ ಪ್ರಪಂಚವೆಲ್ಲ ಡ್ರಮ್ಮಿನ ಮಾತಾಡುವುದು ಇಂಚಿನಲ್ಲಿ: ಕಾಲಿನ ಪೆಡಲಿನಿಂದ ಬಾರಿಸುವ ಬೇಸ್ ಡ್ರಮ್ 20 ಅಥವಾ 22, ಅದರ ಮೇಲೆ ಕೂರುವ ಟಾಮ್ 12 ಅಥವಾ 13, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ 14 ಅಥವಾ 16, ಕೆಳಗೆ ತಂತಿ ಬಿಗಿದ ಸ್ನೇರ್ ಸಾಮಾನ್ಯವಾಗಿ 14. ಇಲ್ಲಿ ಅಳೆಯಬೇಕಾದದ್ದು ಹೆಡ್ ಬಿಗಿಯುವ ಸುತ್ತುಪಟ್ಟಿಯಾದ ಹೂಪನ್ನು ಬಿಟ್ಟು, ಶೆಲ್ಲಿನ, ಅಂದರೆ ಡ್ರಮ್ಮಿನ ಗೂಡಿನ ಅಗಲ ಮತ್ತು ಆಳ.

ಹೆಡ್‌ಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ಯಕ್ಷಗಾನದ ಮದ್ದಳೆಯಲ್ಲಿ ಮುಚ್ಚಿಗೆ ಸವೆದಾಗ ಬದಲಾಯಿಸುತ್ತೇವೆ, ಮರದ ಗೂಡು ಮಾತ್ರ ತಲೆಮಾರು ದಾಟುತ್ತದೆ. ಡ್ರಮ್ಮಿನ ಹೆಡ್ಡೂ ಮುಚ್ಚಿಗೆಯಂತೆ ಬದಲಾಗುವ ಭಾಗ, ಹರಿದಿದ್ದರೆ ಬೆಲೆ ಬೀಳುವುದಿಲ್ಲ. ಒಂದು ವಿಷಯ ಮಾತ್ರ ಗಮನಿಸಬೇಕು. ಪ್ಲಾಸ್ಟಿಕ್ ಹೆಡ್ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದದ್ದು 1957ರ ಹೊತ್ತಿಗೆ, ಅದಕ್ಕೂ ಮೊದಲು ಕರುವಿನ ಚರ್ಮ. ಹಾಗೆಂದು ಚರ್ಮ ಕಂಡ ಕೂಡಲೇ 1957ಕ್ಕಿಂತ ಹಳೆಯದು ಎಂದು ತೀರ್ಮಾನಿಸಬಾರದು. ಆಮದಿನ ಹೆಡ್ ಸಿಗದ ಕಾಲದಲ್ಲಿ ಆಡಿನ ಚರ್ಮ ಬಿಗಿದುಕೊಂಡವರು ನಮ್ಮಲ್ಲಿ ಇದ್ದರು. ಬೇಳದ ಫ್ಲೋರ್ ಟಾಮ್‌ನ ಕೆಳಬದಿಯಲ್ಲೂ ಅಂಥದೇ ಚರ್ಮವಿತ್ತು.

ಯಾರು ಮಾಡಿದ್ದು?

ಹೆಸರಿಗೆ ಬೆಲೆ ಹೆಚ್ಚು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಮೆರಿಕದ ಲುಡ್‌ವಿಗ್, ಗ್ರೆಟ್ಷ್, ಸ್ಲಿಂಗರ್‌ಲ್ಯಾಂಡ್, ರಾಜರ್ಸ್, ಇಂಗ್ಲೆಂಡಿನ ಪ್ರೀಮಿಯರ್, ಜರ್ಮನಿಯ ಸೋನರ್: 1950ರಿಂದ 1970ರ ದಶಕದ ಈ ಹೆಸರುಗಳನ್ನು ಹುಡುಕಿಕೊಂಡು ಬರುವವರಿದ್ದಾರೆ.

ಲುಡ್‌ವಿಗ್‌ನ ಕಥೆಯಿಂದ ಬೆಲೆಯ ಒಂದು ಗುಟ್ಟು ತಿಳಿಯುತ್ತದೆ. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ನುಡಿಸಿತು. ಸುಮಾರು 7.3 ಕೋಟಿ ಜನ ನೋಡಿದರು. ರಿಂಗೋ ಸ್ಟಾರ್ ಕೂತಿದ್ದ ಡ್ರಮ್ಮಿನ ಮುಂಭಾಗದಲ್ಲಿ ಲುಡ್‌ವಿಗ್ ಎಂಬ ಹೆಸರು ಎದ್ದು ಕಾಣುತ್ತಿತ್ತು. ಆಮೇಲೆ ಶಿಕಾಗೋದ ಆ ಕಾರ್ಖಾನೆ ಹಗಲುರಾತ್ರಿ ದುಡಿಯಬೇಕಾಯಿತು. ಅಂದರೆ 1960ರ ದಶಕದ ಲುಡ್‌ವಿಗ್ ಸೆಟ್‌ಗಳು ಅಪರೂಪದವೇನಲ್ಲ, ರಾಶಿ ರಾಶಿ ತಯಾರಾದವು. ಆದರೂ ಅವಕ್ಕೆ ಒಳ್ಳೆಯ ಬೆಲೆ ಇದೆ, ಏಕೆಂದರೆ ಬೇಕು ಎನ್ನುವವರು ಅದಕ್ಕಿಂತಲೂ ಹೆಚ್ಚು. ಇನ್ನೊಂದು ಕಡೆ, ಯಾರೂ ಕೇಳರಿಯದ ಕಾರ್ಖಾನೆಯ ಸೆಟ್ ಊರಿಗೊಂದೇ ಇದ್ದರೂ ಕೇಳುವವರಿಲ್ಲ. ಅಪರೂಪ ಬೇರೆ, ಬೇಡಿಕೆ ಬೇರೆ. ಬೆಲೆ ಬೇಡಿಕೆಯ ಹಿಂದೆ ಹೋಗುತ್ತದೆ.

ಬ್ಯಾಡ್ಜ್ ಕಾಲವನ್ನು ಹೇಳುತ್ತದೆ, ಆದರೆ ಒರಟಾಗಿ. ಲುಡ್‌ವಿಗ್‌ನಲ್ಲಿ 1960ರ ದಶಕದ್ದು ಕೀಸ್ಟೋನ್ ಬ್ಯಾಡ್ಜ್, ಕಲ್ಲಿನ ಕಮಾನಿನ ನೆತ್ತಿಯಲ್ಲಿ ಕೂರಿಸುವ ನಡುಗಲ್ಲಿನ ಆಕಾರ, ಮೇಲೆ ಅಗಲ ಕೆಳಗೆ ಕಿರಿದು. 1970ರ ದಶಕಕ್ಕೆ ಬಂದರೆ ನೀಲಿ ಮತ್ತು ಮಂಕು ಹಸಿರಿನ ಬ್ಯಾಡ್ಜ್. ಗ್ರೆಟ್ಷ್‌ನಲ್ಲಿ 1970ರ ದಶಕದ ಆರಂಭದವರೆಗೆ ದುಂಡು ಬ್ಯಾಡ್ಜ್, ಆಮೇಲೆ ಎಂಟು ಮೂಲೆಯದು. ಹಳೆಯ ಗ್ರೆಟ್ಷ್ ಶೆಲ್‌ಗಳ ಒಳಬದಿಗೆ ಬೆಳ್ಳಿಬಣ್ಣ ಬಳಿದಿರುತ್ತದೆ. ಲುಡ್‌ವಿಗ್‌ನ ಬ್ಯಾಡ್ಜ್‌ಗಳಲ್ಲಿ ಕ್ರಮಸಂಖ್ಯೆ ಬರತೊಡಗಿದ್ದು 1963ರ ಕೊನೆಯ ಹೊತ್ತಿಗೆ. ಆದರೆ ಕಾರ್ಖಾನೆಯಲ್ಲಿ ಬ್ಯಾಡ್ಜ್‌ಗಳನ್ನು ಸಂಖ್ಯೆಯ ಸಾಲಿನಲ್ಲೇ ಹೊಡೆಯುತ್ತಿರಲಿಲ್ಲ, ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದು ಕೂರಿಸುತ್ತಿದ್ದರು. ಹಾಗಾಗಿ ಸಂಖ್ಯೆ ನೋಡಿ ವರ್ಷ ಹೇಳುವುದು ಅಂದಾಜು ಮಾತ್ರ. ಆ ಕಾಲದ ಅನೇಕ ಲುಡ್‌ವಿಗ್ ಶೆಲ್‌ಗಳ ಒಳಗೆ ಕೆಂಪು ಶಾಯಿಯಲ್ಲಿ ಒತ್ತಿದ ದಿನಾಂಕ ಇರುತ್ತದೆ. ಬ್ಯಾಡ್ಜಿಗಿಂತ ಆ ಮುದ್ರೆಯನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ನಮ್ಮ ಊರಿನ ಅಟ್ಟಗಳ ವಿಷಯ. 1991ಕ್ಕೂ ಮೊದಲು ಆಮದಿಗೆ ಬಿಗಿ ನಿರ್ಬಂಧ ಇದ್ದ ಕಾಲದಲ್ಲಿ ವಿದೇಶಿ ಡ್ರಮ್ ಸೆಟ್ ಊರಿಗೆ ಬರುವ ದಾರಿ ಸಣ್ಣದು: ಹಡಗಿನಲ್ಲಿ ಕೆಲಸ ಮಾಡಿದವರು, ಬೊಂಬಾಯಿಯ ಬ್ಯಾಂಡಿನವರು, ಗಲ್ಫಿಗೆ ಹೋದವರು. ಉಳಿದಂತೆ ನುಡಿಸಿದ್ದೆಲ್ಲ ದೇಶದಲ್ಲೇ ತಯಾರಾದದ್ದು. ಬ್ಯಾಂಡ್ ವಾದ್ಯಗಳಿಗೆ ಮೀರತ್ ಇಂದಿಗೂ ಹೆಸರುವಾಸಿ, ಅಲ್ಲಿನ ನಾದಿರ್ ಅಲಿ ಕಂಪನಿ 1885ರಿಂದ ಇದೆ. ಹೀಗಾಗಿ ಕಾಸರಗೋಡಿನ ಮನೆಯಲ್ಲಿ ಸಿಗುವ ಹಳೆಯ ಸೆಟ್ ಭಾರತದ್ದೋ ಜಪಾನಿನದೋ ಆಗಿರುವ ಸಾಧ್ಯತೆ ಹೆಚ್ಚು. 1960ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಒಂದೇ ಬಗೆಯ ಸೆಟ್ ಮಾಡಿ, ಕೊಳ್ಳುವ ವ್ಯಾಪಾರಿಗೆ ಬೇಕಾದ ಹೆಸರಿನ ಬ್ಯಾಡ್ಜ್ ಹೊಡೆದು ಕಳಿಸುತ್ತಿದ್ದವು. ಹೆಸರು ಹತ್ತಾರು, ಒಳಗಿನ ಮರ ಒಂದೇ: ಲುವಾನ್, ಫಿಲಿಪ್ಪೀನ್ಸ್ ಕಡೆಯ ಹಗುರವಾದ ಕೆಂಪು ಮರ. ಚೆನ್ನಾಗಿ ನುಡಿಯುತ್ತವೆ, ಆದರೆ ವಿದೇಶದಲ್ಲೂ ಅವಕ್ಕೆ ಸಿಗುವುದು ಕೆಲವು ನೂರು ಡಾಲರ್. ಒಳ್ಳೆಯ ಸ್ಥಿತಿಯ 1960ರ ದಶಕದ ಲುಡ್‌ವಿಗ್ ಸೆಟ್‌ಗೆ ಸಾವಿರಾರು ಡಾಲರ್. ಹೊರಗಿನ ಮಿನುಗು ಹೊದಿಕೆ ಎರಡರಲ್ಲೂ ಒಂದೇ ಥರ ಕಾಣುವುದರಿಂದಲೇ ಮೊಬೈಲಿನ ಫೋಟೋ ನೋಡಿ ಮನೆಯವರು ಮೋಸಹೋಗುವುದು.

ಒಂದೇ ಕುಟುಂಬವೇ?

ಬೇಳದ ಸೆಟ್ಟಿನಲ್ಲಿ ಸ್ನೇರ್ ಮೇಲೆ ಕೀಸ್ಟೋನ್ ಬ್ಯಾಡ್ಜ್ ಇತ್ತು. ಅದನ್ನು ಕಂಡೇ ಹುಡುಗ ಇಡೀ ಸೆಟ್ ಲುಡ್‌ವಿಗ್ ಎಂದುಕೊಂಡಿದ್ದ. ಉಳಿದ ಮೂರರ ಮೇಲೆ ಬ್ಯಾಡ್ಜ್ ಇರಲಿಲ್ಲ, ಅದು ಇದ್ದ ಜಾಗದಲ್ಲಿ ಸಣ್ಣ ರಂಧ್ರ ಮಾತ್ರ. ಟಾಮ್‌ನ ಹೆಡ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆವು. ತೆಳು ಪದರದ ಕೆಂಪು ಮರ, ಅಂಚಿನಲ್ಲಿ ಬಲಕ್ಕೆ ಕೂರಿಸಿದ ಮರದ ಬಳೆ, ಶಾಯಿಯ ಮುದ್ರೆ ಇಲ್ಲ. ಬೇಸ್ ಡ್ರಮ್ಮಿನಲ್ಲೂ ಫ್ಲೋರ್ ಟಾಮ್‌ನಲ್ಲೂ ಅದೇ ಮರ, ಅದೇ ಬಳೆ. ಮೂರು ಜಪಾನಿನವು, ಸ್ನೇರ್ ಒಂದೇ ಶಿಕಾಗೋದ್ದು.

ಇದರಲ್ಲಿ ಯಾರ ತಪ್ಪೂ ಇಲ್ಲ. ವಾದ್ಯಗಾರರು ಹೀಗೆಯೇ ಕೂಡಿಸುತ್ತಾ ಹೋಗುತ್ತಾರೆ. ಕೈಗೆ ನಾಲ್ಕು ಕಾಸು ಬಂದಾಗ ಒಳ್ಳೆಯ ಸ್ನೇರ್ ಒಂದನ್ನು ಕೊಳ್ಳುವುದೇ ಅವರ ಮೊದಲ ಆಸೆ. ಆದರೆ ಬೆಲೆಯ ಲೆಕ್ಕದಲ್ಲಿ ಒಂದೇ ದಿನ ಒಟ್ಟಿಗೆ ಕಾರ್ಖಾನೆ ಬಿಟ್ಟ ನಾಲ್ಕು ತುಂಡುಗಳಿಗೂ ಬೇರೆ ಬೇರೆ ಕಡೆಯಿಂದ ಬಂದು ಸೇರಿದ ನಾಲ್ಕಕ್ಕೂ ದೊಡ್ಡ ಅಂತರವಿದೆ. ಹೊರಗಿನ ಹೊದಿಕೆಯ ಬಣ್ಣ ಹೊಂದಿಕೊಂಡರೆ ಸಾಲದು, ಒಳಗಿನ ಬಣ್ಣ, ಪದರ, ಬಳೆ, ಮುದ್ರೆಯ ದಿನಾಂಕ ಎಲ್ಲ ಹತ್ತಿರ ಹತ್ತಿರ ಇರಬೇಕು. ಹೊಂದದಿದ್ದರೆ ಸೆಟ್ ಎಂದು ಬೆಲೆ ಕಟ್ಟದೆ ಬಿಡಿಯಾಗಿ ಕಟ್ಟಬೇಕು.

ತೂತು, ಹೊದಿಕೆ, ಅಂಚು

ಸಂಗ್ರಹಕಾರ ಮೊದಲು ಕೇಳುವ ಪ್ರಶ್ನೆ ಒಂದೇ: ಆಮೇಲೆ ಕೊರೆದ ತೂತುಗಳಿವೆಯೇ? ಟಾಮ್ ಹಿಡಿಸುವ ಕಂಬ ಮುರಿದಾಗ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೇರೊಂದನ್ನು ಮಾಡಿಸಿ, ಬೇಸ್ ಡ್ರಮ್ಮಿನ ಬೆನ್ನಿಗೆ ನಾಲ್ಕು ತೂತು ಕೊರೆದು ಕೂರಿಸುವುದು ಎಲ್ಲ ಕಡೆಯೂ ನಡೆದದ್ದೇ. ಹಬ್ಬದ ಹಿಂದಿನ ದಿನ ಬೇರೆ ದಾರಿ ಇರಲಿಲ್ಲ. ನುಡಿಸುವವನಿಗೆ ಆ ತೂತುಗಳಿಂದ ತೊಂದರೆ ಇಲ್ಲ. ಸಂಗ್ರಹಕಾರನಿಗೆ ಮಾತ್ರ ಅವು ಮರಳಿ ಮುಚ್ಚಲಾಗದ ಗಾಯ. ಮರದ ಪುಡಿ ತುಂಬಿಸಿ ಮೇಲೆ ಬಣ್ಣ ಬಳಿದು ಮುಚ್ಚುವುದು ಇನ್ನೂ ಕೆಟ್ಟದ್ದು, ಹೆಡ್ ಬಿಚ್ಚಿದ ಕೂಡಲೇ ಒಳಗಿನಿಂದ ಕಾಣುತ್ತದೆ, ಆಮೇಲೆ ಮಾರುವವನ ಯಾವ ಮಾತನ್ನೂ ಕೊಳ್ಳುವವನು ನಂಬುವುದಿಲ್ಲ. ತೂತು ಇದ್ದರೆ ನೀವೇ ಮೊದಲು ತೋರಿಸಿ.

ಹೊದಿಕೆ ಎಂದರೆ ಶೆಲ್ಲಿನ ಸುತ್ತ ಅಂಟಿಸಿದ ಮುತ್ತಿನ ಅಥವಾ ಮಿನುಗಿನ ಹಾಳೆ. ಆ ಕಾಲದ ಹಾಳೆಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡ್. ವರ್ಷಗಳು ಕಳೆದಂತೆ ಬಿಳಿ ಮುತ್ತಿನ ಬಣ್ಣ ಹಳದಿಗೆ ತಿರುಗುತ್ತದೆ, ಹಾಳೆ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಹಳದಿಯಾದದ್ದು ದೊಡ್ಡ ದೋಷವಲ್ಲ, ಅದನ್ನೇ ಇಷ್ಟಪಡುವವರೂ ಇದ್ದಾರೆ. ಕಿತ್ತು ಹೊಸ ಹಾಳೆ ಅಂಟಿಸಿದ್ದರೆ ಮಾತ್ರ ಸಂಗ್ರಹದ ಬೆಲೆ ಬಹಳ ಇಳಿಯುತ್ತದೆ. ಇದರ ಜೊತೆಗೆ ಬೆಲೆಗೆ ಸಂಬಂಧವಿಲ್ಲದ ಇನ್ನೊಂದು ಮಾತನ್ನು ಹೇಳಲೇಬೇಕು. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗಿದರೆ ಹುಳ ಬರುವುದಿಲ್ಲವೆಂದು ಎಲ್ಲವನ್ನೂ ಅಲ್ಲೇ ಇಡುತ್ತೇವೆ. ಡ್ರಮ್ ಅಲ್ಲಿ ಬೇಡ. ಸೆಲ್ಯುಲಾಯ್ಡ್ ಬಹಳ ಬೇಗ ಬೆಂಕಿ ಹಿಡಿಯುವ ವಸ್ತು, ಬಿಸಿಗೆ ಕುಗ್ಗುವುದಂತೂ ಖಂಡಿತ.

ಶೆಲ್ಲಿನಲ್ಲಿ ಹೆಡ್ ಕೂರುವ ಅಂಚಿನ ಪರೀಕ್ಷೆಗೆ ಉಪಕರಣ ಬೇಕಿಲ್ಲ. ಎರಡೂ ಹೆಡ್ ಬಿಚ್ಚಿ ಶೆಲ್ಲನ್ನು ಸಪಾಟಾದ ಗ್ರಾನೈಟ್ ಕಲ್ಲಿನ ಮೇಲೆ ಬೋರಲು ಇಡಿ. ಕೋಣೆ ಕತ್ತಲು ಮಾಡಿ ಒಳಗೆ ಮೊಬೈಲ್ ಬೆಳಕು ಬಿಡಿ. ಅಂಚಿನ ಕೆಳಗಿನಿಂದ ಬೆಳಕು ಹೊರಗೆ ಸೋರಿದರೆ ಅಲ್ಲಿ ಅಂಚು ಸವೆದಿದೆ ಅಥವಾ ಶೆಲ್ ತಿರುಚಿಕೊಂಡಿದೆ. ಆಮೇಲೆ ಟೇಪಿನಿಂದ ಅಗಲವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ, ನಾಲ್ಕೂ ಒಂದೇ ಬಂದರೆ ದುಂಡು ಉಳಿದಿದೆ. ಪ್ರೀಮಿಯರ್ ಸೆಟ್ ಸಿಕ್ಕಿದವರಿಗೆ ಒಂದು ಎಚ್ಚರಿಕೆ: 1960ರ ದಶಕದ ಕೊನೆಯವರೆಗಿನ ಅವರ ಶೆಲ್‌ಗಳ ಅಗಲ ಅಮೆರಿಕದ ಅಳತೆಗಿಂತ ಒಂಚೂರು ಹೆಚ್ಚು, ಈಗ ಅಂಗಡಿಯಲ್ಲಿ ಸಿಗುವ ಹೆಡ್ ಅದಕ್ಕೆ ಕೂರುವುದಿಲ್ಲ. ಕೊಳ್ಳುವವನು ಅದನ್ನು ಗಮನಿಸಿಯೇ ಬೆಲೆ ಹೇಳುತ್ತಾನೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇನ್ನೂ ಕೆಲವನ್ನು ನೋಡಬೇಕು. ಪದರಗಳ ಅಂಟು ಬಿಟ್ಟಿದೆಯೇ? ಬೆರಳ ಗೆಣ್ಣಿನಿಂದ ಶೆಲ್ಲಿನ ಸುತ್ತ ತಟ್ಟುತ್ತಾ ಬನ್ನಿ, ಅಂಟು ಬಿಟ್ಟಲ್ಲಿ ಸದ್ದು ಟೊಳ್ಳಾಗಿ ಬದಲಾಗುತ್ತದೆ. ಒಳಗಿನ ಬೂಷ್ಟು ಒರೆಸಿದರೆ ಹೋಗುತ್ತದೆ, ಗೆದ್ದಲು ತಿಂದದ್ದು ಹೋಗುವುದಿಲ್ಲ. ಕ್ರೋಮ್ ಮೇಲಿನ ತೆಳು ತುಕ್ಕು ಬೇರೆ, ಕ್ರೋಮ್ ಗುಳ್ಳೆಯೆದ್ದು ಉದುರುವುದು ಬೇರೆ.

ಸ್ನೇರ್ ಮತ್ತು ಸಿಂಬಲ್

ಬೇಳದ ಸ್ನೇರ್ ಲೋಹದ್ದು. 14 ಇಂಚು ಅಗಲ, 5 ಇಂಚು ಆಳ, ನಡುವೆ ಒಂದು ಉಬ್ಬುಗೆರೆ, ಸುತ್ತ ಹೆಡ್ ಬಿಗಿಯುವ ತಿರುಪು ಹಿಡಿದುಕೊಳ್ಳುವ ಹತ್ತು ಲಗ್. ಅಯಸ್ಕಾಂತ ಹಿಡಿದೆವು, ಶೆಲ್ಲಿಗೆ ಅಂಟಲಿಲ್ಲ, ಅಂದರೆ ಉಕ್ಕಲ್ಲ. ಇದು ಲುಡ್‌ವಿಗ್‌ನ ಸುಪ್ರಾಫೋನಿಕ್, ಅಲ್ಯುಮಿನಿಯಂ ಮಿಶ್ರಲೋಹದ ಶೆಲ್ಲಿಗೆ ಕ್ರೋಮ್ ಹೊದಿಸಿದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಧ್ವನಿಮುದ್ರಣ ಕಂಡ ಸ್ನೇರ್‌ಗಳಲ್ಲಿ ಒಂದು. ಅಲ್ಯುಮಿನಿಯಂ ಮೇಲೆ ಕ್ರೋಮ್ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಬೆವರು ಮತ್ತು ಉಪ್ಪುಗಾಳಿಗೆ ಗುಳ್ಳೆಯೇಳುತ್ತದೆ. ಬೊಂಬಾಯಿ, ಆಮೇಲೆ ನಮ್ಮ ಕರಾವಳಿ: ಅದರ ಒಂದು ಬದಿ ಸಿಡುಬಿನ ಕಲೆಯಂತಾಗಿತ್ತು. ಕೊಳ್ಳುವವರಿಗೆ ಈ ಸ್ವಭಾವ ಗೊತ್ತಿರುವುದರಿಂದ ಬೆಲೆ ಇಳಿಯುತ್ತದೆ, ಆದರೆ ಬಿದ್ದುಹೋಗುವುದಿಲ್ಲ. ನಾದ ಹಾಗೆಯೇ ಇರುತ್ತದೆ. ಆ ಇಡೀ ಸೆಟ್ಟಿನಲ್ಲಿ ಸಂಗ್ರಹಕಾರನ ಸಾಲಿಗೆ ಸೇರುವ ಒಂದೇ ತುಂಡು ಅದು.

"ಸಿಂಬಲ್ ಎಲ್ಲಿ?" ಎಂದು ಕೇಳಿದೆ. ಅಪ್ಪ ಮಗ ಮುಖ ಮುಖ ನೋಡಿಕೊಂಡರು. ಎರಡು ದೊಡ್ಡವನ್ನು ಹಿಂದಿನ ವರ್ಷವೇ ಪಾತ್ರೆ ಅಂಗಡಿಗೆ ಕಂಚಿನ ತೂಕಕ್ಕೆ ಕೊಟ್ಟಿದ್ದರು. ಕಾಲಿನ ಪೆಡಲಿನಿಂದ ಒಂದಕ್ಕೊಂದು ತಟ್ಟಿಸುವ ಹೈ-ಹ್ಯಾಟ್ ಸಿಂಬಲಿನ ಜೋಡಿ ಮಾತ್ರ ಒಂದು ಗೋಣಿಚೀಲದಲ್ಲಿ ಉಳಿದಿತ್ತು.

ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಒಳ್ಳೆಯ ಸಿಂಬಲ್ ಎರಕವಾಗುವುದು ಸುಮಾರು 80 ಪಾಲು ತಾಮ್ರ, 20 ಪಾಲು ತವರ ಬೆರೆತ ಕಂಚಿನಿಂದ, ಗಂಟೆಯ ಲೋಹವೂ ಹೆಚ್ಚುಕಡಿಮೆ ಇದೇ. ತಕ್ಕಡಿಗೆ ಅದು ಬರೀ ಕಂಚು. ಆದರೆ ಸಿಂಬಲಿನ ಬೆಲೆ ಇರುವುದು ಅದನ್ನು ಕಾಯಿಸಿ ತಟ್ಟಿದ ಕೈಯಲ್ಲಿ. ಝಿಲ್ಜಿಯನ್ ಮನೆತನ ಇಸ್ತಾಂಬುಲಿನಲ್ಲಿ ಈ ಕಸುಬು ಹಿಡಿದದ್ದು 1623ರಲ್ಲಿ. 1929ರಲ್ಲಿ ಅವರ ಒಂದು ಶಾಖೆ ಅಮೆರಿಕಕ್ಕೆ ಬಂತು. ಇಸ್ತಾಂಬುಲಿನಲ್ಲಿ ಕೈಯಿಂದ ತಟ್ಟಿದ ಹಳೆಯ 'ಕೆ ಝಿಲ್ಜಿಯನ್' ಸಿಂಬಲ್ ಒಂದೇ ಒಂದು, ಬೇಳದ ಮೂರು ಜಪಾನಿ ಡ್ರಮ್‌ಗಳ ಒಟ್ಟು ಬೆಲೆಯನ್ನು ಮೀರಬಲ್ಲದು. ದೊಡ್ಡಪ್ಪನ ಸಿಂಬಲ್ ಯಾವುದಾಗಿತ್ತೋ, ಈಗ ಹೇಳುವವರಿಲ್ಲ.

ಆದ್ದರಿಂದ ಹಳೆಯ ಸೆಟ್ ಇಳಿಸಿದವರು ಸಿಂಬಲನ್ನು ಡ್ರಮ್ಮಿನ ಜೊತೆ ಸೇರಿಸಿ ಒಟ್ಟು ಬೆಲೆ ಹೇಳಬೇಡಿ, ಪ್ರತ್ಯೇಕವಾಗಿ ನೋಡಿ. ನಡುವಿನ ಉಬ್ಬಾದ ಗುಬ್ಬಿಯ ಹತ್ತಿರ ಲೋಹದಲ್ಲೇ ಒತ್ತಿದ ಮುದ್ರೆಯನ್ನು ಓರೆ ಬೆಳಕಿನಲ್ಲಿ ಓದಿ. ಅಗಲ ಅಳೆದು, ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳಿ, ಏಕೆಂದರೆ ತೆಳು ಸಿಂಬಲಿನ ನಾದವೂ ದಪ್ಪದ್ದರ ನಾದವೂ ಬೇರೆ, ಕೊಳ್ಳುವವನು ಇದನ್ನೇ ಮೊದಲು ಕೇಳುತ್ತಾನೆ. ಅಂಚಿನ ಸುತ್ತ ಉಗುರು ಎಳೆದು ಬಿರುಕು ಹುಡುಕಿ. ನಡುವಿನ ತೂತು ಸ್ಟ್ಯಾಂಡಿಗೆ ಉಜ್ಜಿ ಒಂದು ಕಡೆಗೆ ಸವೆದು ಬೀಗದ ತೂತಿನಂತಾಗಿದೆಯೇ ನೋಡಿ. ಬಿರುಕಿದ್ದರೆ ಬೆಲೆ ನೆಲಕ್ಕಿಳಿಯುತ್ತದೆ. ಹುಣಸೆಹುಳಿ ಮಾತ್ರ ದಯವಿಟ್ಟು ಬೇಡ.

ಈಗ ಅಂಕಿ

ಅಂಕಿ ಬರುವುದು ಮಾರಾಟವಾದ ಬೆಲೆಯಿಂದ. ಯಾರೋ ಕೇಳುತ್ತಿರುವ ಬೆಲೆಯಿಂದ ಅಲ್ಲ. ಹುಡುಗ ಮೊಬೈಲಿನಲ್ಲಿ ನೋಡಿದ ಲಕ್ಷಗಳು ಕೇಳಿದ ಬೆಲೆ. ಆ ಸೆಟ್ ಇನ್ನೂ ಅಲ್ಲೇ ಮಾರಾಟವಾಗದೆ ಕೂತಿತ್ತು. ಹಳೆಯ ವಾದ್ಯಗಳ ವ್ಯಾಪಾರ ನಡೆಯುವ ರಿವರ್ಬ್, ಇ-ಬೇ ತಾಣಗಳಲ್ಲಿ ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೋರಿಸುವ ಸೌಲಭ್ಯವಿದೆ. ಅದೇ ತಯಾರಕ, ಅದೇ ಅಳತೆ, ಅದೇ ದಶಕದ ಐದಾರು ಮಾರಾಟ ಹುಡುಕಿ, ಅತಿ ಹೆಚ್ಚಿನದ್ದನ್ನೂ ಅತಿ ಕಡಿಮೆಯದ್ದನ್ನೂ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ದರ ನೋಡದೆ ಯಾರೂ ಅಡಿಕೆ ಮಾರುವುದಿಲ್ಲವಲ್ಲ, ಅದೇ ಕ್ರಮ.

ಲೆಕ್ಕ ಹೀಗೆ. ಎಲ್ಲ ತುಂಡುಗಳೂ ಇರುವ, ಮೂಲ ಹೊದಿಕೆಯ, ತೂತಿಲ್ಲದ ಸೆಟ್ 100ಕ್ಕೆ ಹೋಗಿದೆ ಎಂದಿಟ್ಟುಕೊಳ್ಳಿ. ನಿಮ್ಮದರಲ್ಲಿ ಸ್ನೇರ್ ಇಲ್ಲ. ನಾನು ಅದಕ್ಕೆ 25 ಕಳೆಯುತ್ತೇನೆ, ಉಳಿದದ್ದು 75. ಬೇಸ್ ಡ್ರಮ್ಮಿನಲ್ಲಿ ತೂತು, ಟಾಮ್‌ನ ಹೊದಿಕೆ ಬಾಯಿಬಿಟ್ಟಿದೆ. ಇವೆರಡಕ್ಕೂ ಸೇರಿ, ಉಳಿದದ್ದರಲ್ಲಿ ನೂರಕ್ಕೆ ಮೂವತ್ತರಂತೆ ಕಳೆದರೆ ಸುಮಾರು 52. ಹೆಡ್, ಕಾಣೆಯಾದ ತಿರುಪು, ಸ್ಟ್ಯಾಂಡಿನ ದುರಸ್ತಿಗೆ 8 ತೆಗೆದರೆ 44. ಈ ಪಾಲುಗಳು ಶಾಸ್ತ್ರವಲ್ಲ, ನನ್ನ ಕೈಗೆ ಒಗ್ಗಿದ ಅಳತೆ, ನಿಮ್ಮ ಅಳತೆ ಬೇರೆ ಇರಬಹುದು. ಆದರೆ ಕಳೆಯುವ ಕ್ರಮ ಇದೇ ಇರಲಿ: ಮೊದಲು ಇಲ್ಲದ್ದು, ಆಮೇಲೆ ಕೆಟ್ಟದ್ದು, ಕೊನೆಗೆ ಖರ್ಚು. ಉತ್ತರವನ್ನು ಒಂದೇ ಅಂಕಿಯಲ್ಲಿ ಹೇಳದೆ ಇಷ್ಟರಿಂದ ಇಷ್ಟು ಎಂದು ಹೇಳಿ.

ಆ 44 ಕೂಡ ವಿದೇಶದ ಅಂಗಳದ ಬೆಲೆ. ಅಲ್ಲಿಗೆ ತಲುಪಿಸುವುದು ದೊಡ್ಡ ಖರ್ಚು. ವಿಮಾನದ ಕೊರಿಯರ್‌ನಲ್ಲಿ ತೂಕಕ್ಕಿಂತ ಗಾತ್ರಕ್ಕೆ ಬೆಲೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 22 ಇಂಚಿನ ಬೇಸ್ ಡ್ರಮ್ಮಿಗೆ 65, 65, 45ರ ಪೆಟ್ಟಿಗೆ ಬೇಕೆಂದರೆ 38 ಕಿಲೋ ಆಗುತ್ತದೆ, ಒಳಗಿನ ಡ್ರಮ್ ಹತ್ತು ಕಿಲೋ ತೂಗದಿದ್ದರೂ. ಹೆಡ್ ಬಿಚ್ಚಿ ಚಿಕ್ಕ ಶೆಲ್ಲನ್ನು ದೊಡ್ಡದರ ಒಳಗೆ ಬಟ್ಟೆ ಸುತ್ತಿ ಕೂರಿಸಿದರೆ ಪೆಟ್ಟಿಗೆಗಳ ಸಂಖ್ಯೆ ಇಳಿಯುತ್ತದೆ. ಮೇಲೆ ತಾಣದ ಕಮಿಷನ್, ಕೊಳ್ಳುವವನ ದೇಶದ ಸುಂಕ. ಸ್ನೇರ್ ಮತ್ತು ಸಿಂಬಲ್‌ಗೆ ಈ ಖರ್ಚು ತಾಳಿಕೊಳ್ಳುತ್ತದೆ, ಲುವಾನ್ ಮರದ ಬೇಸ್ ಡ್ರಮ್ಮಿಗೆ ಖಂಡಿತ ಇಲ್ಲ.

ನಮ್ಮ ದೇಶದೊಳಗೆ ಕೊಳ್ಳುವವರು ಮೂರು ಬಗೆ. ಬೆಂಗಳೂರು, ಮುಂಬೈ, ಕೊಚ್ಚಿಯಂಥ ಊರುಗಳಲ್ಲಿ ಹಳೆಯ ವಾದ್ಯ ಹುಡುಕುವ ಕೆಲವೇ ಜನ. ಅವರು ಸಿಗಲು ತಿಂಗಳುಗಟ್ಟಲೆ ಕಾಯಬೇಕು, ಸಿಕ್ಕರೆ ಒಳ್ಳೆಯ ಬೆಲೆ. ಅಂಗಡಿಯವರು ಕೂಡಲೇ ಹಣ ಕೊಡುತ್ತಾರೆ, ಆದರೆ ಬಾಡಿಗೆ, ದುರಸ್ತಿ, ಲಾಭ ಎಲ್ಲ ಅದರಲ್ಲೇ ಹುಟ್ಟಬೇಕಾದ್ದರಿಂದ ಬಹಳ ಇಳಿಸಿ ಕೇಳುವುದು ಸಹಜ. ಮೂರನೆಯವರು ನುಡಿಸುವವರು. ಅವರ ಎದುರಿಗೆ ಯಾವಾಗಲೂ ಒಂದು ಗೆರೆ ಇರುತ್ತದೆ: ಆರಂಭದ ಮಟ್ಟದ ಹೊಸ ಸೆಟ್ ಎಷ್ಟಕ್ಕೆ ಸಿಗುತ್ತದೆ? ಹೆಸರಿಲ್ಲದ ಹಳೆಯ ಸೆಟ್ ಎಷ್ಟು ಚೆನ್ನಾಗಿದ್ದರೂ ಆ ಗೆರೆ ದಾಟುವುದು ಕಷ್ಟ.

ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಬರುತ್ತದೆ ಎನ್ನುವವರಿದ್ದಾರೆ. ನಿಜ, ಲಗ್, ಹೂಪ್, ಪೆಡಲ್ ಎಂದು ಕಳಚಿ ಮಾರಿದರೆ ಕೆಲವೊಮ್ಮೆ ಮೊತ್ತ ದೊಡ್ಡದಾಗುತ್ತದೆ. ಬೇರೆ ಬೇರೆ ಕಡೆಯಿಂದ ಬಂದು ಸೇರಿದ್ದನ್ನು ಬೇರ್ಪಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಒಟ್ಟಿಗೆ ಹುಟ್ಟಿ ಅರವತ್ತು ವರ್ಷ ಒಟ್ಟಿಗೆ ಉಳಿದ ಸೆಟ್ಟನ್ನು ಮಾತ್ರ ಹಣಕ್ಕಾಗಿ ಚೂರು ಮಾಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಒಮ್ಮೆ ಚದುರಿದರೆ ಯಾರಿಂದಲೂ ಮತ್ತೆ ಕೂಡಿಸಲು ಆಗುವುದಿಲ್ಲ.

ಬೇಳದ ಮನೆಯ ಕಾಗದದ ಮೇಲೆ ನಾನು ಬರೆದ ಅಂದಾಜು ಇಷ್ಟು. ಮೂರು ಜಪಾನಿ ಡ್ರಮ್ ಸೇರಿ, ನುಡಿಸುವವನಿಗೆ, 15,000ದಿಂದ 20,000. ಸುಪ್ರಾಫೋನಿಕ್ ಸ್ನೇರ್, ಕ್ರೋಮಿನ ಕಲೆ ಲೆಕ್ಕ ಹಿಡಿದು, ದೇಶದೊಳಗೆ 22,000ದಿಂದ 30,000. ಹೈ-ಹ್ಯಾಟ್ ಜೋಡಿ ಬೇರೆ. ಬೇಸ್ ಡ್ರಮ್ಮಿನ ಬೆನ್ನಿನ ತೂತುಗಳು ಮೊದಲಿನಿಂದಲೂ ಇದ್ದವೋ ಆಮೇಲೆ ಆದವೋ ಎಂಬ ಪ್ರಶ್ನೆ ಉಳಿದಿತ್ತು. ಮನೆಯ ಅಜ್ಜಿ ಒಳಗಿನಿಂದ ಒಂದು ಮದುವೆಯ ಆಲ್ಬಮ್ ತಂದರು. ಕಪ್ಪು-ಬಿಳುಪು ಫೋಟೋದಲ್ಲಿ ದೊಡ್ಡಪ್ಪ ತಲೆ ಬಗ್ಗಿಸಿ ನುಡಿಸುತ್ತಿದ್ದಾರೆ, ಬೇಸ್ ಡ್ರಮ್ಮಿನ ಮೇಲೆ ಕಾರ್ಖಾನೆಯ ಮೂಲ ಕಂಬ, ಮಾಸದ ಹೊದಿಕೆ, ತಲೆಯ ಮೇಲೆ ಆ ಎರಡು ಸಿಂಬಲ್. ಇಂಥ ಫೋಟೋ ಹಳೆಯ ರಶೀದಿಯಷ್ಟೇ ಗಟ್ಟಿ ಸಾಕ್ಷಿ. ತೂತುಗಳು ಊರಿಗೆ ಬಂದ ಮೇಲಿನವು ಎಂದು ತಿಳಿಯಿತು.

ಮೂರು ಡ್ರಮ್ ಕುಂಬಳೆಯ ಆರ್ಕೆಸ್ಟ್ರಾದ ಹುಡುಗನಿಗೇ ಹೋದವು, 17,000ಕ್ಕೆ. ತೂತುಗಳನ್ನು ಅವನಿಗೆ ಮೊದಲೇ ತೋರಿಸಿದ್ದೆವು. ಸ್ನೇರನ್ನು ಅಜ್ಜಿ ಕೊಡಲು ಒಪ್ಪಲಿಲ್ಲ. ಅದೀಗ ಒಲೆಯಿಂದ ದೂರ, ಚಾವಡಿಯ ಕಪಾಟಿನಲ್ಲಿದೆ. ಫೋಟೋದ ಒಂದು ಪ್ರತಿ ತೆಗೆಸಿ, ಹಿಂದೆ ದೊಡ್ಡಪ್ಪನ ಹೆಸರು ಬರೆದು, ಲಕೋಟೆಯಲ್ಲಿ ಹಾಕಿ ಡ್ರಮ್ಮಿನ ಜೊತೆ ಕೊಟ್ಟರು.